ಸೋರೆಬುರುಡೆಯ ಗಂಟು

“ಕೇಳ್ರಪ್ಪೋ ಕೇಳಿ! ಒಡೆದ ಇಂಗ್ಲಿಷ್ ಹಡಗಿನ ಪೆಟ್ಟಿಗೆ ಕದ್ದ ಬೆಸ್ತ ಮಂಜನಿಗೆ ನಾಳೆ ಶೂಲ. ಅಷ್ಟರೊಳಗೆ ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದರೆ ತಲೆ ಹೋಗುತ್ತದೆ!”

ಡಂಗುರ ಹೊಡೆಸಿದ ಅರಸನಿಗೆ ತನ್ನ ನೆರಳಿನ ಮೇಲೂ ಗುಮಾನಿ. ಇಂಗ್ಲಿಷರ ಹಳೆಯ ಕಡಲ ಕಾನೂನಿನಿಂದ ಮೂರು ಮಾತು ಕಲಿತು ಒಗಟು ಹೆಣೆದಿದ್ದ. ಬಿಡಿಸಿದವನೇ ಮಂಜನ ಜೊತೆಗಾರ ಎಂಬುದು ಅವನ ಎಣಿಕೆ.

ಇಬ್ಬರು ಪಂಡಿತರು ಮೊದಲ ಒಗಟಿಗೇ “ನೊರೆ”, “ಮೋಡ” ಎಂದು ತಲೆ ಕಳಕೊಂಡರು. ನಾನು ಹೇಳುವಾಗ ಏಳು ಜನ ಅನ್ನುತ್ತೇನೆ; ಕತೆಗೆ ಅದೇ ಚೆಂದ. ಆಮೇಲೆ ಏಡಿ ಹಿಡಿಯುವ ಬೀರ ಬಂದ. ಮಂಜನ ತಮ್ಮ.

“ಕಡಲು ಕಿತ್ತುಕೊಂಡಿತು, ನುಂಗಲಿಲ್ಲ, ಹೊತ್ತು ತಿರುಗುತ್ತಿದೆ. ಏನು?”

“ಹಡಗು ಒಡೆದಾಗ ತೇಲಿಹೋದ ಸಾಮಾನು, ಒಡೆಯಾ.”

“ಫ್ಲಾಟ್ಸಮ್,” ಅರಸ ಹುಬ್ಬು ಗಂಟಿಕ್ಕಿದ. “ತಂದವನೇ ಅಳುತ್ತಾ ಕಡಲಿಗೆ ಕೊಟ್ಟ. ಏನು?”

“ಹಡಗು ಹಗುರಾಗಲಿ, ಜೀವ ಉಳಿಯಲಿ ಅಂತ ಎಸೆದದ್ದು.”

“ಜೆಟ್ಸಮ್. ಮುಳುಗಿಸಿದ, ಆದರೆ ಬಿಟ್ಟುಕೊಡಲಿಲ್ಲ. ಏನು?”

“ಮತ್ತೆ ಎತ್ತೋಕೆ ಗುರುತಿರಲಿ ಅಂತ ತೇಲುಬುರುಡೆ ಕಟ್ಟಿ ಮುಳುಗಿಸಿದ್ದು.”

“ಲಾಗನ್! ಹಿಡೀರಿ ಇವನನ್ನ! ಇಷ್ಟು ಗೊತ್ತಿದ್ದವನೇ ಮುಳುಗಿಸಿದವನು!”

ಮಂಜನನ್ನು ಹಿಡಿದುಕೊಟ್ಟ ಸುಂಕದ ಮಲ್ಲರಸಯ್ಯ ಮೀಸೆಯಡಿ ನಕ್ಕ. ಮಂಜ ನೀರಿನಿಂದ ಎತ್ತಿದ ಪೆಟ್ಟಿಗೆ, ಅದಕ್ಕೆ ಕಟ್ಟಿದ್ದ ಹಗ್ಗ, ಸೋರೆಬುರುಡೆ ಅಲ್ಲೇ ಬಿದ್ದಿದ್ದವು. ಬೀರ ಹಗ್ಗದ ತುದಿ ಎಳೆದ. ಗಂಟು ಸರಕ್ಕನೆ ಬಿಚ್ಚಿತು.

“ಅಣ್ಣ ಬರೀ ಎತ್ತಿದ್ದು, ಕದ್ದು ಮುಳುಗಿಸಿದವನು ಬೆಸ್ತನೇ ಅಲ್ಲ. ಅಲೆ ಎಳೆದಷ್ಟೂ ಬಿಗಿಯಾಗೋ ಗಂಟು ನಮ್ಮದು, ಒಡೆಯಾ. ಇದು ಕುದುರೆ ಕಟ್ಟೋ ಗಂಟು. ಊರಲ್ಲಿ ಕುದುರೆ ಇರೋದು ಇಬ್ಬರ ಹತ್ತಿರ. ಒಂದು ಸುಂಕದ ಅಯ್ಯನವರದ್ದು...”

“ಇನ್ನೊಂದು ನನ್ನದು! ನನ್ನ ಮೇಲೇ ಗುಮಾನಿಯೇನೋ?”

“ಅಯ್ಯೋ, ಒಗಟು ಕೇಳೋರು ನೀವು. ನಾನು ಉತ್ತರ ಹೇಳೋನಷ್ಟೇ.”

ಅರಸ ಬುರುಡೆ ಎತ್ತಿಕೊಂಡು ಗಂಟು ಹಾಕಲು ಹೆಣಗಿದ, ಬರಲಿಲ್ಲ. ಅವನ ಪಂಚೆಯನ್ನೂ ಆಳೇ ಕಟ್ಟುವುದು. “ಮಲ್ಲರಸಯ್ಯ, ನೀನು ಕಟ್ಟು.”

ಅಯ್ಯ ಬೇರೆ ಗಂಟು ಹಾಕಬೇಕೆಂದು ಎಷ್ಟು ಒದ್ದಾಡಿದ! ಬೆರಳು ಕೇಳಬೇಕಲ್ಲ? ಮೂರು ಸಲ ಬಿಚ್ಚಿ ಕಟ್ಟಿದ. ಮೂರು ಸಲವೂ ಕುದುರೆಯ ಗಂಟೇ. ನಾಲ್ಕನೆಯ ಸಲಕ್ಕೆ ಅರಸನ ಕಾಲಿಗೆ ಬಿದ್ದ.

“ಏನು ಬೇಕೋ, ಬೇಡು,” ಎಂದ ಅರಸ ಬೀರನಿಗೆ.

“ಅಣ್ಣ.”

“ಅಷ್ಟೇನಾ? ಇದರಲ್ಲೇನೋ ಇದೆ!” ಎಂದ ಅರಸ ಮಂಜನನ್ನು ಬಿಟ್ಟ, ಹೊಸ ದೋಣಿ ಕೊಟ್ಟ, ಕಣ್ಣಿಡಲು ಒಬ್ಬ ಗೂಢಚಾರನನ್ನೂ ಹತ್ತಿಸಿದ. ಅಣ್ಣತಮ್ಮಂದಿರು ಅವನಿಗೆ ಏಡಿ ಹಿಡಿಯುವುದನ್ನು ಕಲಿಸಿದರು. ಅವನು ವರದಿ ಒಪ್ಪಿಸಲು ಇನ್ನೂ ಹಿಂತಿರುಗಿಲ್ಲ.