ಎಲೆ ಮೇಲಿನ ಏರಿ

ನಮ್ಮೂರ ಕೆರೆ ಏರಿ ಒಡೆದು ಏಳು ವರ್ಷ ಆಗಿತ್ತು. ಕಟ್ಟಿಸಿಕೊಡಿ ಅಂತ ಅರ್ಜಿ ಹಾಕಿದ್ದಕ್ಕೆ ಬಂದವರು ಲ್ಯಾಪ್‌ಟಾಪ್ ಸಾಹೇಬರು. ಶಾಲೆ ಜಗಲಿಯಲ್ಲಿ ಕೂತು ಪರದೆ ತಿರುಗಿಸಿದರು. ಅದರೊಳಗೆ ನಮ್ಮ ಕೆರೆ, ಅದರ ಮೇಲೆ ಗುಡುಗಿಲ್ಲದ ಸುಳ್ಳು ಮಳೆ.

"ನೋಡ್ರಯ್ಯಾ, ಇಪ್ಪತ್ತು ವರ್ಷದ ಮಳೆ ಸುರಿಸಿದೀನಿ. ಒಂದು ಹನಿ ನಿಲ್ಲಲ್ಲ. ಇದು ಕೆರೆಯಲ್ಲ, ಬಯಲು. ಸೈಟು ಮಾಡೋಕೆ ಲಾಯಕ್ಕು. ಊಟ ಆದ ಮೇಲೆ ಎಲ್ಲರೂ ಈ ಕಾಗದಕ್ಕೆ ಸಹಿ ಹಾಕಿ."

ಕಂಪ್ಯೂಟರಿಗೆ ಎದುರಾಡೋರು ಯಾರು? ಎಲ್ಲರೂ ಪೆನ್ನು ಹುಡುಕಿದರು.

ಬಿಸಿಯೂಟದ ಅಡುಗೆಯಕ್ಕ ಮಾತ್ರ ಬಾಳೆಎಲೆ ಹಾಸಿದಳು. "ಕೆರೆ ತುಂಬಿದ್ದಾಗ ತಾವರೆ ಎಲೆ ಹಾಸ್ತಿದ್ದೆ ಸ್ವಾಮಿ," ಅಂದು ಅನ್ನ ಬಡಿಸಿದಳು. ಸಾಹೇಬರು ಅನ್ನದಲ್ಲಿ ಗುಳಿ ಮಾಡೋ ಮುಂಚೆಯೇ ಸೌಟಿನ ತುಂಬ ಸಾರು ಸುರಿದಳು. ಸಾರು ಸೀದಾ ಅವರ ಬಿಳಿ ಪ್ಯಾಂಟಿನ ಕಡೆ ಓಡಿತು. ಸಾಹೇಬರು "ಏಯ್ ಏಯ್" ಅಂತ ಗಾಬರಿಯಲ್ಲಿ ಅನ್ನ ಎಳೆದು ಕಟ್ಟೆ ಕಟ್ಟಿದರು. ಸಾರು ನಿಂತಿತು.

"ಎಲೆ ಮೇಲೆ ಸಾರು ನಿಲ್ಲಲ್ಲ ಅಂತ ಬರ್ಕೊಳ್ಳೋದು ಬಿಟ್ಟು ಏರಿ ಯಾಕೆ ಕಟ್ಟಿದ್ರಿ ಸ್ವಾಮಿ? ನಿಮ್ಮ ಕಂಪ್ಯೂಟರಲ್ಲಿ ನಮ್ಮ ಏರಿ ಕಟ್ಟಿದೀರಾ, ಒಡೆದಿದ್ದೇ ಇಟ್ಟಿದೀರಾ?"

ಸಾಹೇಬರ ಮುಖ ಸಣ್ಣಗಾಯಿತು. ಎಡಗೈಯಲ್ಲಿ ಏನೇನೋ ಒತ್ತಿ ಪರದೆಯೊಳಗೆ ಏರಿ ಕಟ್ಟಿದರು. ಮತ್ತೆ ಮಳೆ ಸುರಿಸಿದರು. ಕೋಡಿವರೆಗೂ ನೀಲಿ ತುಂಬಿತು.

ಸಹಿ ಕಾಗದವನ್ನು ಅವರೇ ಮಡಚಿ ಜೇಬಿಗಿಟ್ಟರು. "ಏರಿ ಕಟ್ಟಿಸಬೇಕು ಅಂತಲೇ ಬರೀತೀನಿ ತಾಯಿ," ಅಂದು ಲ್ಯಾಪ್‌ಟಾಪ್ ಮುಚ್ಚೋಕೆ ಹೋದರು.

ಅಡುಗೆಯಕ್ಕ ಸೌಟು ಅಡ್ಡ ಹಿಡಿದಳು.

"ಒಂದ್ ಗಳಿಗೆ ಮುಚ್ಬೇಡಿ ಸ್ವಾಮಿ. ತುಂಬಿದ ಕೆರೆ ನೋಡಿ ಏಳು ವರ್ಷ ಆಯ್ತು."