ವಾಲಿದ ಸಾಕ್ಷಿ

ಕೂದಲಿಗಿಂತ ತೆಳುವಾದ ಮ್ಯಾಂಗನೈಟ್ ಎಂಬ ಕಾಂತೀಯ ವಸ್ತುವಿನ ಪದರದ ಮೇಲೆ ವಿದ್ಯುತ್ತು ದೂರು ಹೇಳಿತು: "ನಾನೊಬ್ಬನೇ ಬಂದರೆ ದಾರಿ ಬಿಡದೆ ಸತಾಯಿಸುತ್ತೀಯೆ. ಅಯಸ್ಕಾಂತ ಪಕ್ಕದಲ್ಲಿ ನಿಂತರೆ ಸಾಕು, ನೀನಾಗಿಯೇ ದಾರಿ ಬಿಡುತ್ತೀಯೆ."

"ನಾನು ಯಾರಿಗೂ ತಲೆಬಾಗುವುದಿಲ್ಲ," ಎಂದಿತು ಪದರ.

"ಹಾಗಾದರೆ ಬೆಳಕು ನೋಡಿ ಹೇಳಲಿ. ಅದು ನೆಟ್ಟಗೆ ನಡೆಯುವ ಸಾಕ್ಷಿ."

ಅಯಸ್ಕಾಂತ ಹತ್ತಿರ ಸರಿಯಿತು. ಬೆಳಕು ಪದರದ ಮೇಲೆ ಬಿದ್ದು, ಅದು ಅಯಸ್ಕಾಂತದತ್ತ ವಾಲಿದ್ದನ್ನು ಕಂಡು ಹಿಂತಿರುಗಿತು. ಅದು ನಿಜ ಹೇಳಿಬಿಟ್ಟರೆ ಇನ್ನು ಯಾರ ಮುಂದೆ ಮುಖವೆತ್ತಲಿ ಎಂದು ಪದರ ಅಂಜಿತು.

ಬೆಳಕು ಅಯಸ್ಕಾಂತದ ಕಡೆ ಒಮ್ಮೆ ನೋಡಿ, "ಪದರ ಎಳ್ಳಷ್ಟೂ ವಾಲಿಲ್ಲ," ಎಂದಿತು.

ಪದರಕ್ಕೆ ಹೋದ ಜೀವ ಬಂದಂತಾಯಿತು. ಆದರೆ ವಿದ್ಯುತ್ತು ಸಾಕ್ಷಿಯನ್ನೇ ದಿಟ್ಟಿಸುತ್ತಿತ್ತು.

"ಬೆಳಕೇ, ಹೋಗುವಾಗ ನೆಟ್ಟಗಿದ್ದೆಯಲ್ಲ, ವಾಲದ ಪದರವನ್ನು ಮುಟ್ಟಿ ಬಂದ ನೀನೇಕೆ ಈಗ ವಾಲಿಕೊಂಡು ನಿಂತಿದ್ದೀಯೆ?"