ಎಡಕ್ಕೆ ತಿರುಗಿದ ಕುರ್ಚಿ

"ಗುರುಗಳೇ, ಸೊಟ್ಟ ಬುದ್ಧಿಯವನನ್ನು ನೆಟ್ಟಗೆ ಮಾಡುವುದು ಹೇಗೆ?" ಎಂದು ಶಂಭುಲಿಂಗ ಕೇಳಿದ.

ಅವನು ಹೇಳುತ್ತಿದ್ದುದು ಮಠದಲ್ಲಿ ಜೊತೆಗೇ ಓದುತ್ತಿದ್ದ ಗೆಳೆಯನ ವಿಷಯ. ಇಬ್ಬರೂ ಮುನಿಸಿಕೊಂಡು ಆರು ತಿಂಗಳಾಗಿತ್ತು. ಊಟದ ಸಾಲಿನಲ್ಲೂ ಶಂಭುಲಿಂಗ ತನ್ನ ಎಲೆಯನ್ನು ದೂರ ಹಾಕಿಸಿಕೊಳ್ಳುತ್ತಿದ್ದ. "ಆಗದಿದ್ದರೆ ಅವನನ್ನು ಮಠದಿಂದ ಕಳಿಸಿಬಿಡಿ," ಎಂದೂ ಸೇರಿಸಿದ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಮನೆಯಲ್ಲಿ ಅವನ ಅಪ್ಪ ಮದುವೆಯಾದ ವರ್ಷ ಮಾಡಿಸಿದ್ದ ಎರಡು ಕುರ್ಚಿಗಳಿದ್ದವು. ಅರವತ್ತು ವರ್ಷದ ಹಿಂದಿನ ಮಾದರಿ. ತೇಗದ ಮರ, ಬೆತ್ತದ ಬೆನ್ನು, ಹೊರಕ್ಕೆ ಚಾಚಿದ ಸಪೂರ ಕಾಲುಗಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ವ್ಯಾಪಾರಿಯೂ ಅವನ ತಮ್ಮನೂ ಪಾಲಾದರು. ನ್ಯಾಯವೆಂದರೆ ನ್ಯಾಯ ಎಂದು ಆ ಜೋಡಿಯನ್ನೂ ಒಂದೊಂದಾಗಿ ಹಂಚಿಕೊಂಡರು. ಹಂಚಿಕೊಳ್ಳುವಾಗ ಮಾತಿಗೆ ಮಾತು ಬೆಳೆದು, ಆಮೇಲೆ ಮಾತೇ ನಿಂತಿತು. ಇಬ್ಬರ ಮನೆಗೂ ನಡುವೆ ಒಂದು ಬೀದಿ ಮಾತ್ರ.

ಅಣ್ಣನ ಕುರ್ಚಿಯ ಬೆನ್ನು ಕೊಂಚ ಎಡಕ್ಕೆ ತಿರುಗಿತ್ತು. ಕೂತರೆ ಮುಖ ಗೋಡೆಯ ಕಡೆ ಹೋಗುತ್ತಿತ್ತು. ಒಳ್ಳೆಯದನ್ನು ತಮ್ಮ ಹೊಡೆದುಕೊಂಡು, ಸೊಟ್ಟದ್ದನ್ನು ತನ್ನ ತಲೆಗೆ ಕಟ್ಟಿದ ಎಂದು ಅವನ ಹೊಟ್ಟೆ ಉರಿಯುತ್ತಿತ್ತು. ಆದರೂ ದಿನಾ ಅದರಲ್ಲೇ ಕೂರುತ್ತಿದ್ದ. ಕೊನೆಗೊಮ್ಮೆ ಮುದುಕ ಬಡಗಿಯೊಬ್ಬನನ್ನು ಕರೆಸಿ, ಬೆನ್ನು ಕೊಯ್ದು ನೆಟ್ಟಗೆ ಕೂಡಿಸು ಎಂದ.

ಬಡಗಿ ಗರಗಸ ತೆಗೆದ. ಕುರ್ಚಿಯನ್ನು ಒಂದು ಸುತ್ತು ನೋಡಿ, ಗರಗಸ ಕೆಳಗಿಟ್ಟ.

"ಇದರ ಜೊತೇದು ಎಲ್ಲಿ, ಯಜಮಾನ್ರೇ?"

"ತಮ್ಮನ ಮನೇಲಿದೆ. ಅದರ ಸುದ್ದಿ ಬೇಡ. ನಿನ್ನ ಕೆಲಸ ನೀನು ಮಾಡು."

"ಜೋಡಿ ಸಾಮಾನು ಅಂದ್ರೆ, ಒಂದನ್ನೇ ನೋಡಿ ಗರಗಸ ಇಡೋದು ನಮ್ಮಲ್ಲಿಲ್ಲ. ಎರಡನ್ನೂ ಪಕ್ಕ ಇಟ್ಟು ನೋಡ್ತೀನಿ. ಆಮೇಲೆ ನೀವು ಹೇಳಿದಂಗೆ."

ಬಡಗಿ ಕುರ್ಚಿಯನ್ನು ಹೆಗಲಿಗೇರಿಸಿ ಬೀದಿ ದಾಟಿದ. ಅಣ್ಣ ಬೈಯುತ್ತಲೇ ಹಿಂದೆ ಹೋದ. ತಮ್ಮ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ಅವನ ಕುರ್ಚಿ ಬಲಕ್ಕೆ ತಿರುಗಿತ್ತು. ಅದು ಸೊಟ್ಟಗಿದೆಯೆಂದು ಅವನೂ ಬೆನ್ನಿಗೆ ಒಂದು ದಿಂಬು ತುರುಕಿದ್ದ.

ಬಡಗಿ ಆ ದಿಂಬು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟ. ಕುರ್ಚಿಗಳು ಒಂದರತ್ತ ಒಂದು ಮುಖ ಮಾಡಿ ನಿಂತವು.

"ಪಕ್ಕ ಕೂತು ಮಾತಾಡೋರಿಗೆ ಅಂತ ಮಾಡಿದ್ದು," ಎಂದ. "ತಿರುಗಿ ತಿರುಗಿ ಕತ್ತು ನೋಯಬಾರದು ಅಂತ."

ಅಣ್ಣ ಕೂತ. ಸ್ವಲ್ಪ ಹೊತ್ತಿಗೆ ತಮ್ಮನೂ ಕೂತ. ಇಬ್ಬರಿಗೂ ಅಪ್ಪ ಅಮ್ಮ ನೆನಪಾದರು. ಬೇರೆ ಕಡೆ ನೋಡೋಣವೆಂದರೆ ಕುರ್ಚಿ ಬಿಡಲಿಲ್ಲ.

"ಕಾಫಿ ಕುಡೀತೀಯೇನಣ್ಣ?" ಎಂದ ತಮ್ಮ.

ಬಡಗಿಗೆ ಆ ದಿನ ಕೆಲಸ ಸಿಗಲಿಲ್ಲ, ಕಾಫಿ ಸಿಕ್ಕಿತು.

"ಬಡಗಿ ಜಾಣ," ಎಂದ ಶಂಭುಲಿಂಗ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗುರುಗಳು ಎದ್ದು ನಿಂತು ಕೇಳಿದರು:

"ಇವತ್ತು ನಿನ್ನ ಎಲೆ ಯಾರ ಪಕ್ಕ ಹಾಕಿಸಲಿ?"